ತೂಕ ಇಳಿಯುತ್ತಾ ಇಳಿಯುತ್ತಾ ನಿಂತೇ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತೂಕ 82 ಕೆಜಿ ಇತ್ತು. ಐದು ತಿಂಗಳಲ್ಲಿ 74ಕ್ಕೆ ಬಂತು. ಆಮೇಲೆ ಒಂಬತ್ತು ವಾರ ಅಲ್ಲೇ ಕೂತುಬಿಟ್ಟಿತು. ಊಟ ಅದೇ, ವಾಕಿಂಗ್ ಅದೇ, ತೂಕವೂ ಅದೇ. ಆ ಒಂಬತ್ತು ವಾರದಲ್ಲಿ ಓದಿ ತಿಳಿದದ್ದು, ಡಾಕ್ಟರ್ ಹತ್ತಿರ ಕೇಳಿದ್ದು, ನಮ್ಮ ಅಡುಗೆಮನೆಯಲ್ಲೇ ಅಳೆದು ನೋಡಿದ್ದು ಎಲ್ಲ ಇಲ್ಲಿದೆ. ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಳಗ್ಗೆ ಪಾರ್ಕಿನಲ್ಲಿ ಜೊತೆಗೆ ನಡೆಯುವ ಗೆಳತಿಯರು ಕೇಳಿದ್ದು.

ನಾನು ಡಾಕ್ಟರ್ ಅಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳದೆ ಇಲ್ಲಿನ ಯಾವುದನ್ನೂ ಮಾಡಬೇಡಿ.

ಎಷ್ಟು ದಿನ ಇಳಿಯದಿದ್ದರೆ "ನಿಂತಿದೆ" ಅನ್ನಬೇಕು?

ನಾಲ್ಕು ವಾರ ಕಾಯಿರಿ. ಹತ್ತು ದಿನ ಇಳಿಯಲಿಲ್ಲ ಅಂತ ಗಾಬರಿಯಾಗಬೇಡಿ.

ದೇಹದ ತೂಕ ದಿನದಿಂದ ದಿನಕ್ಕೆ ಒಂದು, ಒಂದೂವರೆ ಕೆಜಿ ಆಚೆ ಈಚೆ ಆಗುವುದು ಮಾಮೂಲು. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಆದರೆ ಮೈ ನೀರು ಹಿಡಿದುಕೊಳ್ಳುತ್ತದೆ. ಮುಟ್ಟಿನ ಮುಂಚಿನ ವಾರವೂ ಹಾಗೇ. ಹೊಸದಾಗಿ ವ್ಯಾಯಾಮ ಶುರು ಮಾಡಿದಾಗ ನೋಯುವ ಮಾಂಸಖಂಡಗಳಲ್ಲೂ ನೀರು ತುಂಬಿಕೊಳ್ಳುತ್ತದೆ. ಎರಡು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೆ ಅದೂ ತೂಕದಲ್ಲೇ ಕಾಣುತ್ತದೆ. ಇಷ್ಟೆಲ್ಲದರ ಅಡಿಯಲ್ಲಿ ಅರ್ಧ ಕೆಜಿ ಕೊಬ್ಬು ಕರಗಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮೊದಲು ತೂಕ ನೋಡಿ. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದುಬಿಡಿ. ವಾರಕ್ಕೊಮ್ಮೆ ಏಳೂ ದಿನದ್ದು ಕೂಡಿ ಏಳರಿಂದ ಭಾಗಿಸಿ. ಆ ಸರಾಸರಿ ನಾಲ್ಕು ವಾರ ಕದಲದಿದ್ದರೆ ಮಾತ್ರ ನಿಜವಾಗಿ ನಿಂತಿದೆ ಅಂತ ಲೆಕ್ಕ. ಮುಟ್ಟಾಗುವ ಹೆಣ್ಣುಮಕ್ಕಳು ಕಳೆದ ತಿಂಗಳ ಇದೇ ವಾರದ ಜೊತೆ ಹೋಲಿಸಿ ನೋಡಬೇಕು.

ಮೊದಲ ಹದಿನೈದು ದಿನ ಮೂರು ಕೆಜಿ ಸರಸರ ಇಳಿಯಿತು. ಈಗ ಯಾಕೆ ಹಾಗೆ ಇಳಿಯೋದಿಲ್ಲ?

ಆ ಮೂರು ಕೆಜಿಯಲ್ಲಿ ಬಹುಪಾಲು ನೀರು. ನಾವು ತಿಂದ ಅನ್ನ, ಮುದ್ದೆಯ ಸಕ್ಕರೆ ಅಂಶ ಗ್ಲೈಕೊಜೆನ್ ಆಗಿ ಲಿವರ್ ಮತ್ತು ಮಾಂಸಖಂಡಗಳಲ್ಲಿ ಕೂಡಿಟ್ಟಿರುತ್ತದೆ. ಒಟ್ಟು ಅರ್ಧ ಕೆಜಿಯಷ್ಟು. ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಖಾಲಿಯಾಗುವುದು ಈ ಉಗ್ರಾಣ. ಆ ವೇಗ ವಾಪಸ್ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ತಿನ್ನೋದು ಅಷ್ಟೇ, ನಡೆಯೋದು ಅಷ್ಟೇ. ಮತ್ತೆ ಯಾಕೆ ನಿಂತಿತು?

ನೀವು ಈಗ ಮೊದಲಿಗಿಂತ ಚಿಕ್ಕ ದೇಹ. ಅದಕ್ಕೆ.

ಎಂಟು ಕೆಜಿ ಅಕ್ಕಿ ಹೆಗಲ ಮೇಲೆ ಹೊತ್ತುಕೊಂಡು ಎರಡನೇ ಮಹಡಿ ಹತ್ತಿ ನೋಡಿ. ಮೊದಲು ನಿಮ್ಮ ಮೈ ಆ ಭಾರವನ್ನು ದಿನವಿಡೀ ಹೊರುತ್ತಿತ್ತು. ಕೂತರೂ, ಮಲಗಿದರೂ ಅದನ್ನು ಸಾಕುತ್ತಿತ್ತು. ಈಗ ಆ ಕೆಲಸ ಇಲ್ಲ. ಹಾಗಾಗಿ ಖರ್ಚೂ ಕಮ್ಮಿ. 82 ಕೆಜಿಯವಳಿಗೆ ಕೊರತೆ ಎನಿಸಿದ್ದ ಊಟ 74 ಕೆಜಿಯವಳಿಗೆ ಸರಿಯಾಗಿ ಸಾಕಾಗುತ್ತದೆ. ಬಂದದ್ದು, ಹೋದದ್ದು ಸಮ. ತೂಕ ನಿಲ್ಲುತ್ತದೆ.

ಇನ್ನೊಂದು ಬದಿ ಹಸಿವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಯವರು 2016ರಲ್ಲಿ ಇದರ ಲೆಕ್ಕ ಹಾಕಿದರು. ಒಂದು ಕೆಜಿ ಇಳಿದರೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಜಾಸ್ತಿಯಾಗುತ್ತದೆ. ಎಂಟು ಕೆಜಿಗೆ ಗುಣಿಸಿ ನೋಡಿ. ನಿಮ್ಮ ಮೈ ದಿನಾ 800 ಕ್ಯಾಲೊರಿ ಹೆಚ್ಚಿಗೆ ಕೇಳುತ್ತಿದೆ! ಕೊಬ್ಬು ಕಡಿಮೆಯಾದಾಗ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಮೆದುಳು ಅದನ್ನು ಬರಗಾಲ ಅಂತ ಓದಿಕೊಳ್ಳುತ್ತದೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲವೇ ಅಲ್ಲ. "ನಿನಗೆ ಬಾಯಿ ಕಟ್ಟೋಕೆ ಆಗಲ್ಲ" ಅಂತ ಯಾರಾದರೂ ಹೇಳಿದರೆ ಈ 800ರ ಲೆಕ್ಕ ಅವರಿಗೆ ಹೇಳಿ.

ನನ್ನ ಮೆಟಬಾಲಿಸಂ ಕೆಟ್ಟುಹೋಗಿದೆ ಅಂತಾರೆ. ಹೌದಾ?

ಮೆಟಬಾಲಿಸಂ ಅಂದರೆ ದೇಹ ಶಕ್ತಿ ಖರ್ಚು ಮಾಡುವ ಕೆಲಸ. ಅದು ನಿಧಾನ ಆಗಿರಬಹುದು. ಕೆಟ್ಟು ನಿಂತಿಲ್ಲ.

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಪ್ಪಿ ಬಂದ 36 ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ವಿಶ್ರಾಂತಿಯಲ್ಲಿ ಅವರ ದೇಹ ಖರ್ಚು ಮಾಡುವ ಶಕ್ತಿ ಸುಮಾರು ಶೇ 40ರಷ್ಟು ಕುಸಿಯಿತು. ಅಷ್ಟು ಕುಸಿದರೂ ತೂಕ ಕಾಲು ಭಾಗದಷ್ಟು ಇಳಿಯಿತು. ಅಂದರೆ "ಕಡಿಮೆ ತಿಂದರೆ ಮೈ ಉಪವಾಸದ ಸ್ಥಿತಿಗೆ ಹೋಗಿ ತೂಕವೇ ಇಳಿಯೋದಿಲ್ಲ" ಎಂಬ ಮಾತು ನಿಜವಲ್ಲ. ಆದರೆ ಅವರು ಪಟ್ಟ ಪಾಡು ನೋಡಿ: ಮಂಕು ಕವಿಯಿತು, ಸದಾ ಚಳಿ, ಎದ್ದರೆ ಕೂತರೆ ಊಟದ್ದೇ ಯೋಚನೆ. ಅದು ನಮಗೆ ಬೇಡ.

ನಾನು ತಿನ್ನೋದೇ ಕಮ್ಮಿ. ಆದರೂ ಇಳೀತಿಲ್ಲ ಅಲ್ವಾ?

ಈ ಪ್ರಶ್ನೆ ನನ್ನದೂ ಆಗಿತ್ತು. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳುತ್ತೇನೆ.

1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. "ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುತ್ತಿಲ್ಲ" ಅನ್ನುತ್ತಿದ್ದ ಹತ್ತು ಜನರ ನಿಜವಾದ ಖರ್ಚು ಮತ್ತು ಊಟವನ್ನು ಪ್ರಯೋಗಾಲಯದ ವಿಧಾನದಿಂದ ಅಳೆದರು. ಅವರ ಮೆಟಬಾಲಿಸಂ ಸರಿಯಾಗೇ ಇತ್ತು. ಬರೆದುಕೊಟ್ಟ ಊಟ ಮಾತ್ರ ತಿಂದದ್ದಕ್ಕಿಂತ ಶೇ 47ರಷ್ಟು ಕಡಿಮೆ ಇತ್ತು. ಅವರು ಸುಳ್ಳು ಹೇಳುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ತಟ್ಟೆಗೆ ಬಡಿಸಿಕೊಂಡದ್ದು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ. ಬಾಣಲೆಗೆ ಸುರಿದದ್ದು ಬರುವುದಿಲ್ಲ.

ನಾನು ಮೊದಲು ಮಾಡಿದ್ದು ಇಷ್ಟೇ. ಹೊಸ 5 ಲೀಟರ್ ಎಣ್ಣೆ ಕ್ಯಾನ್ ಒಡೆದ ದಿನ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆದೆ. ಮನೆಯಲ್ಲಿ ನಾಲ್ಕು ಜನ. ಸರಿಯಾಗಿ 30 ದಿನಕ್ಕೆ ಕ್ಯಾನ್ ಖಾಲಿ. 5 ಲೀಟರ್ ಎಣ್ಣೆ ಅಂದರೆ ಸುಮಾರು 4600 ಗ್ರಾಂ. ನಾಲ್ಕು ಜನ, 30 ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ. ಎಣ್ಣೆ ಯಾವುದೇ ಇರಲಿ, ಗ್ರಾಮಿಗೆ 9 ಕ್ಯಾಲೊರಿ. ಹತ್ತಿರ ಹತ್ತಿರ 345 ಕ್ಯಾಲೊರಿ! ನನ್ನ ಊಟದ ಡೈರಿಯಲ್ಲಿ "ಬೀನ್ಸ್ ಪಲ್ಯ, ಒಂದು ಬಟ್ಟಲು" ಅಂತ ಇತ್ತು. ಅದರೊಳಗಿನ ಎಣ್ಣೆ ಎಲ್ಲೂ ಇರಲಿಲ್ಲ.

ಒಂದು ಬೆಳಗ್ಗೆ ಒಗ್ಗರಣೆಗೆ ಎಂದಿನಂತೆ ಕ್ಯಾನಿನಿಂದ ಸುರಿಯುವ ಬದಲು ಮೊದಲು ಬಟ್ಟಲಿಗೆ ಸುರಿದು, ಅದನ್ನು ಚಮಚದಲ್ಲಿ ಅಳೆದೆ. ದೊಡ್ಡ ಚಮಚದಲ್ಲಿ ನಾಲ್ಕು ತುಂಬಿ ಇನ್ನೂ ಸ್ವಲ್ಪ ಉಳಿಯಿತು. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ಸಾಸಿವೆ ಸಿಡಿಯಲು, ಕರಿಬೇವು ಗರಿಯಾಗಲು ಒಂದೂವರೆ ಚಮಚ ಸಾಕಾಯಿತು. ಪಲ್ಯದ ರುಚಿಯಲ್ಲಿ ವ್ಯತ್ಯಾಸ ಆಗಿದೆ ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ.

ಆಮೇಲೆ ತೆಂಗಿನಕಾಯಿ. ಒಂದು ಹೋಳು ತುರಿದು ತಕ್ಕಡಿಯಲ್ಲಿಟ್ಟರೆ 130 ಗ್ರಾಂ ಬಂತು. ಹಸಿ ಕಾಯಿ 100 ಗ್ರಾಮಿಗೆ 350ರಿಂದ 400 ಕ್ಯಾಲೊರಿ. ಚಟ್ನಿಗೆ ಒಂದು ಹೋಳು, ಹುಳಿಗೆ ಇನ್ನರ್ಧ ಅಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಕಾಯಿಯ ಜಾಗದಲ್ಲಿ ಶೇಂಗಾ ಇದೆ. ರೊಟ್ಟಿ ಜೊತೆಗಿನ ಶೇಂಗಾ ಹಿಂಡಿ ಒಂದು ಚಮಚ, 10 ಗ್ರಾಂ ಹಿಡಿದರೂ 50 ಕ್ಯಾಲೊರಿಗೆ ಕಮ್ಮಿ ಇಲ್ಲ. ಎರಡೂ ಒಳ್ಳೆಯ ಆಹಾರವೇ. ಬಿಡಬೇಕಾಗಿಲ್ಲ. ಅಳತೆ ಗೊತ್ತಿರಬೇಕು ಅಷ್ಟೇ.

ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದಲ್ಲಿ ಉಳಿದ ಎರಡು ಸೌಟು ಚಿತ್ರಾನ್ನ, ಸಂಜೆ ಪಕ್ಕದ ಮನೆಯಿಂದ ಬಂದ ಕೋಡುಬಳೆ. "ಎಸೆಯೋಕೆ ಮನಸ್ಸು ಬರಲ್ಲ" ಅಂತ ಬಾಯಿಗೆ ಹಾಕಿಕೊಳ್ಳುವವರು ಹೆಚ್ಚಾಗಿ ಅಮ್ಮಂದಿರೇ. ಇದನ್ನು ಬೈಯಲು ಹೇಳುತ್ತಿಲ್ಲ. ಹತ್ತು ದಿನ, ಬಾಯಿಗೆ ಹೋದದ್ದನ್ನೆಲ್ಲ ಆಗಿಂದಾಗಲೇ ಬರೆಯಿರಿ. ರಾತ್ರಿ ನೆನಪಿಸಿಕೊಂಡು ಬರೆದರೆ ಅರ್ಧ ಮರೆತಿರುತ್ತದೆ.

ಅನ್ನ ಬಿಟ್ಟು ಮುದ್ದೆ, ಸಿರಿಧಾನ್ಯ ಶುರು ಮಾಡಿದ್ದೀನಿ. ಸಾಕಲ್ವಾ?

ರಾಗಿಹಿಟ್ಟು 100 ಗ್ರಾಮಿಗೆ ಸುಮಾರು 320 ಕ್ಯಾಲೊರಿ, ಅಕ್ಕಿಗೆ ಸುಮಾರು 350. ವ್ಯತ್ಯಾಸ ಇಷ್ಟೇ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದಂಶ ಬಹಳ ಜಾಸ್ತಿ, ಹೊಟ್ಟೆ ತುಂಬಿದಂತೆ ಹೆಚ್ಚು ಹೊತ್ತು ಇರುತ್ತದೆ. ಇವು ನಿಜವಾದ ಲಾಭ. ಆದರೆ ಎರಡು ದೊಡ್ಡ ಮುದ್ದೆ ಉಂಡು "ರಾಗಿ ತಾನೇ" ಅಂದುಕೊಂಡರೆ ಮುಳ್ಳು ಕದಲುವುದಿಲ್ಲ. ಮುದ್ದೆ ಒಂದೇ ಇರಲಿ, ಚಿಕ್ಕದಿರಲಿ. ಜೊತೆಗೆ ಸೊಪ್ಪಿನ ಪಲ್ಯ, ಗಟ್ಟಿ ಕಾಳಿನ ಸಾರು ಧಾರಾಳವಾಗಿರಲಿ. ನವಣೆ, ಸಾಮೆಗೂ ಇದೇ ಮಾತು.

ಶನಿವಾರ ಒಪ್ಪತ್ತು ಮಾಡ್ತೀನಿ. ಅದರಿಂದ ಇಳೀಬೇಕಲ್ಲ?

ಒಪ್ಪತ್ತಿನ ರಾತ್ರಿ ಏನು ತಿನ್ನುತ್ತೀರಿ? ನಮ್ಮ ಕಡೆ ಅನ್ನ ಮಾತ್ರ ಇಲ್ಲ. ಉಪ್ಪಿಟ್ಟು ಇದೆ, ಒಗ್ಗರಣೆ ಅವಲಕ್ಕಿ ಇದೆ, ದೋಸೆ ಇದೆ. ಅನ್ನ ಸಾರಿಗಿಂತ ಇವುಗಳಲ್ಲಿ ಎಣ್ಣೆ ಜಾಸ್ತಿ. ಏಕಾದಶಿಯ ಸಬ್ಬಕ್ಕಿ ಉಪ್ಪಿಟ್ಟು, ಶೇಂಗಾಪುಡಿ ಸೇರಿದರೆ, ಮಾಮೂಲಿ ಊಟವನ್ನೇ ಮೀರಿಸುತ್ತದೆ. ದೇವರಿಗಾಗಿ ಮಾಡುವ ಉಪವಾಸ ದೇವರಿಗಾಗಿ ಇರಲಿ. ತೂಕದ ಲೆಕ್ಕದಲ್ಲಿ ಅದನ್ನೂ ಬೇರೆ ದಿನದಂತೆಯೇ ಅಳೆಯಿರಿ.

ಹಾಗಾದ್ರೆ ಇನ್ನೂ ಕಮ್ಮಿ ತಿನ್ನಲಾ? ರಾತ್ರಿ ಊಟ ಪೂರ್ತಿ ಬಿಡಲಾ?

ಬೇಡ. ದಯವಿಟ್ಟು ಬೇಡ. ಡಾಕ್ಟರ್ ಕಣ್ಗಾವಲು ಇಲ್ಲದೆ ಹೆಂಗಸರು ದಿನಕ್ಕೆ 1200 ಕ್ಯಾಲೊರಿಗಿಂತ ಕೆಳಗೆ ಹೋಗುವುದು ಒಳ್ಳೆಯದಲ್ಲ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ, ತುಂಬಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು. ಈಗ ತಿನ್ನುತ್ತಿರುವುದರಲ್ಲಿ ದಿನಕ್ಕೆ 150, 200 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು. ಎಣ್ಣೆ ಮತ್ತು ಕಾಫಿ ಟೀ ಸಕ್ಕರೆ ಇವೆರಡರಲ್ಲೇ ಅಷ್ಟು ಸಿಗುತ್ತದೆ. ತಟ್ಟೆಯ ಊಟ ಮುಟ್ಟುವುದೇ ಬೇಡ.

ಪ್ರೋಟೀನ್ ಜಾಸ್ತಿ ತಿನ್ನಿ ಅಂತಾರೆ. ಸಸ್ಯಾಹಾರಿಗಳು ಏನು ಮಾಡೋದು?

ನಮ್ಮ ಅಡುಗೆಯಲ್ಲಿ ಇದಕ್ಕೆ ದಾರಿ ಬೇಕಾದಷ್ಟಿದೆ. ನಾವು ಮರೆತಿದ್ದೇವೆ ಅಷ್ಟೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಂತರಿಗೆ ಹೇಳುವುದು ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್. ತೂಕ ಇಳಿಸುವಾಗ ಮಾಂಸಖಂಡ ಉಳಿಯಬೇಕಾದರೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ತಿಳಿಸಾರಿನಲ್ಲಿ ಬೇಳೆ ಹುಡುಕಿದರೂ ಸಿಗುವುದಿಲ್ಲ. ಅದರಿಂದ ಈ ಲೆಕ್ಕ ತುಂಬುವುದಿಲ್ಲ. ತೊಗರಿಬೇಳೆ, ಹುರಳಿ, ಹೆಸರುಕಾಳು ಇವುಗಳಲ್ಲಿ 100 ಗ್ರಾಮಿಗೆ 20 ಗ್ರಾಮಿಗಿಂತ ಜಾಸ್ತಿ ಪ್ರೋಟೀನ್ ಇದೆ. ಹುರಳಿಕಾಳಿನ ಉಸ್ಲಿ, ಹೆಸರುಬೇಳೆ ಕೋಸಂಬರಿ, ಗಟ್ಟಿ ಮೊಸರು ಮಾಡಿಕೊಳ್ಳಿ.

ನನಗೆ ಕೈಹಿಡಿದದ್ದು ನುಚ್ಚಿನುಂಡೆ. ತೊಗರಿಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಶುಂಠಿ ಸೇರಿಸಿ, ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಬೇಯಿಸುವುದು. ಎಣ್ಣೆಯೇ ಬೇಡ. ಬೆಳಗ್ಗೆ ನಾಲ್ಕು ಉಂಡೆ ಮಜ್ಜಿಗೆಹುಳಿ ಜೊತೆ ತಿಂದರೆ ಮಧ್ಯಾಹ್ನ ಒಂದೂವರೆವರೆಗೂ ಹಸಿವಿನ ಮಾತೇ ಇಲ್ಲ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ: ಒಂದರಲ್ಲಿ 6 ಗ್ರಾಂ.

ವಾಕಿಂಗ್ ಒಂದು ಗಂಟೆ ಇದ್ದದ್ದನ್ನ ಎರಡು ಗಂಟೆ ಮಾಡಲಾ?

ಸಮಯ ಇದ್ದರೆ ಮಾಡಿ. ಆದರೆ ನಾನು ಬೇರೆ ಎರಡು ಹೇಳುತ್ತೇನೆ.

ಒಂದು, ಉಳಿದ ಇಪ್ಪತ್ತಮೂರು ಗಂಟೆ ನೋಡಿ. ಊಟ ಕಡಿಮೆಯಾದಾಗ ಮೈ ಗೊತ್ತಾಗದ ಹಾಗೆ ಓಡಾಟ ಕಡಿಮೆ ಮಾಡುತ್ತದೆ. ಮಹಡಿ ಹತ್ತುವ ಕೆಲಸ ಮಕ್ಕಳಿಗೆ ಹೇಳುತ್ತೇವೆ, ನಿಂತು ಮಾಡುವುದನ್ನು ಕೂತು ಮಾಡುತ್ತೇವೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಜೇಮ್ಸ್ ಲೆವಿನ್ ಈ ವಿಷಯ ಅಧ್ಯಯನ ಮಾಡಿದವರು. ಒಂದೇ ಗಾತ್ರದ ಇಬ್ಬರ ನಡುವೆ ಇಂಥ ಸಣ್ಣಪುಟ್ಟ ಓಡಾಟದ ಖರ್ಚು ದಿನಕ್ಕೆ 2000 ಕ್ಯಾಲೊರಿವರೆಗೂ ಬೇರೆಯಾಗಬಹುದು ಅಂತ ಅವರು ಬರೆದಿದ್ದಾರೆ. ಫೋನಿನಲ್ಲಿ ಹೆಜ್ಜೆ ಎಣಿಸಿ, ಹಳೆಯ ತಿಂಗಳುಗಳ ಜೊತೆ ಹೋಲಿಸಿ. 10,000 ಆಗಲೇಬೇಕು ಅಂತೇನಿಲ್ಲ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ.

ಎರಡು, ಬಲದ ವ್ಯಾಯಾಮ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ಎರಡು ನೀರಿನ ಬಾಟಲಿ ಎತ್ತುವುದು. ಗರಡಿಮನೆಯ ಬಸ್ಕಿ ದಂಡ ಗಂಡಸರಿಗೇ ಮೀಸಲು ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ನಲವತ್ತು ದಾಟಿದ ಹೆಂಗಸರಿಗೇ ಅದು ಹೆಚ್ಚು ಬೇಕು. ಮಂಡಿ ನೋವಿದ್ದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಅಲ್ಲಿಂದ ಶುರು ಮಾಡಿ.

ನಿದ್ದೆಗೂ ಇದಕ್ಕೂ ಏನು ಸಂಬಂಧ?

2010ರಲ್ಲಿ ಶಿಕಾಗೋದಲ್ಲಿ ಹತ್ತು ಜನರಿಗೆ ಒಂದೇ ಥರದ ಕಡಿಮೆ ಊಟ ಕೊಟ್ಟು, 14 ದಿನ ಎಂಟೂವರೆ ಗಂಟೆ, ಇನ್ನು 14 ದಿನ ಐದೂವರೆ ಗಂಟೆ ಮಲಗಲು ಬಿಟ್ಟರು. ಎರಡೂ ಸಲ ತೂಕ ಇಳಿದದ್ದು ಹೆಚ್ಚುಕಡಿಮೆ ಒಂದೇ, 3 ಕೆಜಿಯಷ್ಟು. ಆದರೆ ಕರಗಿದ ಕೊಬ್ಬು ಹೆಚ್ಚು ಮಲಗಿದಾಗ 1.4 ಕೆಜಿ, ಕಡಿಮೆ ಮಲಗಿದಾಗ 0.6 ಕೆಜಿ. ಚಿಕ್ಕ ಪ್ರಯೋಗ, ಒಪ್ಪುತ್ತೇನೆ. ಆದರೂ ಬೆಳಗ್ಗೆ ನಾಲ್ಕೂವರೆಗೆ ಎದ್ದು ವಾಕಿಂಗ್ ಬರುವ ಗೆಳತಿಗೆ ನಾನು ಹೇಳಿದ್ದು, "ಇನ್ನೊಂದು ಗಂಟೆ ಮಲಗಿ ಬಾರೇ" ಅಂತಲೇ.

ಜೀರಿಗೆ ನೀರು, ನಿಂಬೆಹಣ್ಣು ಜೇನುತುಪ್ಪ, ಗ್ರೀನ್ ಟೀ?

ಇಷ್ಟ ಇದ್ದರೆ ಕುಡಿಯಿರಿ. ಅವುಗಳಿಂದ ಕೊಬ್ಬು ಕರಗುವುದಿಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲೊರಿ ಇದೆ.

ಸ್ವಲ್ಪ ದಿನ ಡಯಟ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಒಳ್ಳೆಯದಾ?

ಸುಸ್ತಾಗಿದ್ದರೆ ಖಂಡಿತ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 51 ಗಂಡಸರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಎರಡು ವಾರ ಡಯಟ್, ಎರಡು ವಾರ ಬಿಡುವು ಎಂಬಂತೆ ಮಾಡಿದವರು ಬಿಡುವಿಲ್ಲದೆ ಮಾಡಿದವರಿಗಿಂತ ಜಾಸ್ತಿ ಇಳಿಸಿದರು. ಬೇರೆ ಪ್ರಯೋಗಗಳಲ್ಲಿ ಅಂಥ ವ್ಯತ್ಯಾಸ ಕಾಣದ್ದೂ ಇದೆ. ಆದರೆ "ಬಿಡುವು" ಅಂದರೆ ಬೀಗರೂಟ ಅಲ್ಲ. ತೂಕ ಏರದ, ಇಳಿಯದ ಅಳತೆಯ ಊಟ. ಮಗಳ ಪರೀಕ್ಷೆ, ಮನೆಯಲ್ಲಿ ಮದುವೆ, ಯಾರಿಗೋ ಹುಷಾರಿಲ್ಲ ಅಂಥ ದಿನಗಳಲ್ಲಿ ಇರುವ ತೂಕವನ್ನು ಕಾಪಾಡಿಕೊಂಡರೂ ದೊಡ್ಡ ಕೆಲಸವೇ.

ತೂಕ ಅಲ್ಲೇ ಇದೆ, ಆದರೆ ರವಿಕೆ ಸಡಿಲ ಆಗಿದೆ. ಹೇಗೆ?

ಕೊಬ್ಬು ಹೋಗಿ ಮಾಂಸಖಂಡ ಬಂದಿರಬಹುದು. ಟೈಲರ್ ಟೇಪಿನಲ್ಲಿ ಹದಿನೈದು ದಿನಕ್ಕೊಮ್ಮೆ ಸೊಂಟದ ಸುತ್ತಳತೆ ಬರೆದಿಡಿ. ಭಾರತೀಯರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ದಾಟಿದರೆ ಅಪಾಯ ಅಂತ ಲೆಕ್ಕ. ನಮಗೆ ಹೊಟ್ಟೆಯೊಳಗೆ ಕೊಬ್ಬು ಬೇಗ ಸೇರುವುದರಿಂದ ಈ ಅಳತೆ ತೂಕದಷ್ಟೇ ಮುಖ್ಯ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಬರೆದು, ಅಳೆದು, ಎರಡು ತಿಂಗಳು ಸರಿಯಾಗಿ ಮಾಡಿದರೂ ಕದಲದಿದ್ದರೆ. ಜೊತೆಗೆ ವಿಪರೀತ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಮುಟ್ಟು ಏರುಪೇರು ಇದ್ದರೆ ಎರಡು ತಿಂಗಳೂ ಕಾಯಬೇಡಿ. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಆದರೆ ಥೈರಾಯ್ಡ್ ಕಡಿಮೆಯಾದದ್ದರಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಬಹುಪಾಲು ನೀರು. ಮಾತ್ರೆ ಶುರುವಾದ ಕೂಡಲೇ ಹದಿನೈದು ಕೆಜಿ ಇಳಿಯುತ್ತದೆ ಅಂತ ಕಾಯಬೇಡಿ. ಸ್ಟೆರಾಯ್ಡ್, ಇನ್ಸುಲಿನ್, ಮೂರ್ಛೆ ರೋಗದ ಮತ್ತು ಮಾನಸಿಕ ಕಾಯಿಲೆಯ ಕೆಲವು ಔಷಧಿಗಳೂ ತೂಕ ಏರಿಸುತ್ತವೆ. ನೀವೇ ನಿಲ್ಲಿಸಬೇಡಿ, ಬದಲಿ ಇದೆಯೇ ಅಂತ ಕೇಳಿ.

ಇಂಜೆಕ್ಷನ್ ತಗೊಂಡರೆ ಈ ತಾಪತ್ರಯವೇ ಇರಲ್ವಂತೆ?

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಗ್ಗೆ ಕೇಳುತ್ತಿದ್ದೀರಿ. ತೂಕ ಇಳಿಸಲೆಂದೇ ಇವುಗಳ ಇಂಜೆಕ್ಷನ್ ನಮ್ಮ ದೇಶಕ್ಕೆ 2025ರಲ್ಲಿ ಬಂತು. ಹಸಿವನ್ನು ಅಡಗಿಸುತ್ತವೆ, ಬಹಳ ಜನರಿಗೆ ನಿಜವಾಗಿ ಉಪಯೋಗವಾಗಿದೆ. ಬೇಕಾದವರು ತೆಗೆದುಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಅಲ್ಲೂ ತೂಕ ನಿಲ್ಲುತ್ತದೆ. ಸೆಮಾಗ್ಲುಟೈಡಿನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ಇಳಿಯಿತು, ಕೊನೆಯ ವಾರಗಳಲ್ಲಿ ಸಮವಾಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ಡಾಕ್ಟರ್ ಬರೆದುಕೊಡದೆ, ಯಾರೋ ಹೇಳಿದರು ಅಂತ ಚುಚ್ಚಿಕೊಳ್ಳುವ ಔಷಧಿ ಇದಲ್ಲ.

ಏನು ಮಾಡಿದರೂ ಇಳಿಯದಿದ್ದರೆ ಪಟ್ಟ ಕಷ್ಟ ಎಲ್ಲ ದಂಡವಾ?

ಇಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿದರು. ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇ 28.5ರಷ್ಟು ಕಡಿಮೆಯಾಗಿತ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ನಮ್ಮ ಪಕ್ಕದೂರಿನ, ನಮ್ಮಂಥದ್ದೇ ಊಟದ ಜನರ ಕಥೆ ಇದು. ಮುಳ್ಳು ನಿಂತಿದ್ದಾಗಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಕೊನೆಗೆ ನಿಮ್ಮ ತೂಕ ಏನಾಯ್ತು?

ಎಣ್ಣೆ 5 ಲೀಟರಿನಿಂದ ತಿಂಗಳಿಗೆ 3 ಲೀಟರಿಗೆ ಬಂತು. ನಾಲ್ಕು ಲೋಟ ಕಾಫಿ ಎರಡಾಯಿತು. ವಾರಕ್ಕೆ ಮೂರು ಬೆಳಗ್ಗೆ ನುಚ್ಚಿನುಂಡೆ ಅಥವಾ ಹೆಸರುಕಾಳು ದೋಸೆ, ಮೂರು ಸಂಜೆ ಬಸ್ಕಿ. ಮೊದಲ ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರದ ಸರಾಸರಿ 73.6. ಏಳು ತಿಂಗಳಲ್ಲಿ 70ಕ್ಕೆ ಬಂದು ಮತ್ತೆ ನಿಂತಿತು. ಸೊಂಟ 96ರಿಂದ 87 ಆಗಿದೆ, ಬಿಪಿ ಸರಿಯಾಗಿದೆ. ಸದ್ಯ ಹಬ್ಬದ ಸಾಲು ಇರುವುದರಿಂದ 70ರಲ್ಲೇ ಇಟ್ಟುಕೊಂಡಿದ್ದೇನೆ. ಕ್ಯಾನಿನ ಮೇಲೆ ತಾರೀಕು ಬರೆಯುವುದನ್ನು ಮಾತ್ರ ಬಿಟ್ಟಿಲ್ಲ.